ಬಿದರಿ ಕೆಲಸದ ನೀಲಿ ನೀರಿಗೆ ಕಡಲಪಾಚಿ ಹಾಕಿದೆ, ಅರ್ಧ ಗೆದ್ದೆ ಅರ್ಧ ಸೋತೆ. ಮುಂದೇನು ಮಾಡಲಿ?

ಕೋಟೆಮಣ್ಣು, ಬೀದರ್

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮಾವನವರದು ಮನೆ ಹಿಂದೆ ಒಂದು ಬಿದರಿ ಕಾರ್ಖಾನೆ ಇದೆ. ಕಾರ್ಖಾನೆ ಅಂದ್ರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಮೂರು ಜನ ಕೂತು ಕೆಲಸ ಮಾಡುತ್ತಾರೆ. ಆರ್ಡರ್, ಪಾರ್ಸೆಲ್, ಲೆಕ್ಕ ನಾನು ನೋಡಿಕೊಳ್ಳುತ್ತೇನೆ.

ಬಿದರಿ ಗೊತ್ತಿಲ್ಲದವರಿಗೆ ಎರಡು ಮಾತು. ಹೂಜಿ, ತಟ್ಟೆ ಏನೇ ಇರಲಿ, ಒಡಲು ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿದ ಮೇಲೆ ಮೈಲುತುತ್ತದ (ಕಾಪರ್ ಸಲ್ಫೇಟ್, ತಾಮ್ರ ಇರುವ ನೀಲಿ ಹರಳು) ನೀರು ಸವರುತ್ತಾರೆ. ಬೆಳ್ಳಗಿದ್ದ ಪಾತ್ರೆ ಒಂದೇ ಗಳಿಗೆಯಲ್ಲಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸುವುದು. ಅದು ತಾತ್ಕಾಲಿಕ ಕಪ್ಪು. ನಿಜವಾದ ಕಪ್ಪು ಬರುವುದು ಕೊನೆಗೆ, ಕೋಟೆ ಮಣ್ಣು ಮತ್ತು ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ.

ವಿಷಯ ಏನಂದ್ರೆ, ಮೈಲುತುತ್ತ ತೊಳೆದ ನೀಲಿ ನೀರನ್ನು ವರ್ಷಗಟ್ಟಲೆ ಹಿತ್ತಲ ಬೇವಿನ ಮರದ ಕೆಳಗೆ ಚೆಲ್ಲಿದ್ದೇವೆ. ಅಲ್ಲಿ ಈಗ ಹುಲ್ಲು ಹುಟ್ಟುವುದಿಲ್ಲ. ಮಣ್ಣು ಒಣಗಿದಾಗ ಹಸಿರು ಹಸಿರಾಗಿ ಕಾಣುತ್ತದೆ. ಬೀದರಿನ ಕೆಂಪು ಮುರಕಲ್ಲು ನಿಮಗೆ ಗೊತ್ತಲ್ಲ, ಜರಡಿ ಇದ್ದ ಹಾಗೆ. ಮೇಲೆ ಚೆಲ್ಲಿದ್ದು ಕೆಳಗೆ ಹೋಗದೆ ಇರುತ್ತಾ? ಇಪ್ಪತ್ತು ಅಡಿ ಆಚೆ ಪಕ್ಕದ ಮನೆಯವರ ಬಾವಿ ಇದೆ. ಮೊದಲು ಮಾತು ಎತ್ತಿದ್ದು ನಮ್ಮ ಅತ್ತೆ. "ನಾವು ಚೆಲ್ಲೋದು, ಅವರು ಕುಡಿಯೋದು, ಇದು ಯಾವ ನ್ಯಾಯ?" ಅಂದರು.

ಹೋದ ತಿಂಗಳು ನನ್ನ ಅಕ್ಕನ ಗಂಡ ಕುಮಟಾದಿಂದ ಬರುವಾಗ ಒಣಗಿಸಿದ ಕಡಲಪಾಚಿ ಒಂದು ಚೀಲ ತಂದಿದ್ದರು. ಅವರ ಕಡೆ ತೆಂಗಿನ ಬುಡಕ್ಕೆ ಹಾಕುತ್ತಾರಂತೆ. ನಮ್ಮ ಕರಿಬೇವಿಗೆ ಹಾಕು ಅಂತ ಕೊಟ್ಟರು. ಪಾಚಿ ಲೋಹವನ್ನು ಹಿಡಿದುಕೊಳ್ಳುತ್ತದೆ ಅಂತ ಎಲ್ಲೋ ಓದಿದ್ದ ನೆನಪು. ಒಂದು ಹಿಡಿ ತೆಗೆದು 20 ಲೀಟರಿನ ನೀಲಿ ಬಕೆಟ್ಟಿಗೆ ಹಾಕಿಯೇ ಬಿಟ್ಟೆ.

ಬೆಳಿಗ್ಗೆ ನೋಡಿದರೆ ನೀಲಿ ತೆಳುವಾಗಿತ್ತು, ಪೂರ್ತಿ ಹೋಗಿರಲಿಲ್ಲ. ನೀರು ಮಾತ್ರ ಹಾಲಿಲ್ಲದ ಚಹಾ ಆಗಿತ್ತು. ಶೆಡ್ಡಿನ ತುಂಬಾ ಮೀನು ಮಾರ್ಕೆಟ್ಟಿನ ವಾಸನೆ. "ಗಿರಾಕಿ ಬಂದರೆ ಬಂಗಡೆ ಕೇಳ್ತಾನೆ" ಅಂತ ಮಾವ ಬೈದರು.

ಈಗ ಕೇಳುವುದು ಇಷ್ಟು. ನಿಜವಾಗಿ ತಾಮ್ರ ಹೋಯಿತಾ, ಇಲ್ಲ ಬರೀ ಬಣ್ಣ ಮುಚ್ಚಿಕೊಂಡಿತಾ? ಎಷ್ಟು ಪಾಚಿ ಹಾಕಬೇಕು? ಹಾಕಿದ ಪಾಚಿಯನ್ನು ಆಮೇಲೆ ಏನು ಮಾಡಬೇಕು?

ಪಿಪೆಟ್ ಮಾಸ್ತರ, ಕಲಬುರಗಿ

ಅಕ್ಕಾರೇ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವನು ನಾನು. ನಿಮ್ಮ ಪೋಸ್ಟ್ ಓದಿ ಚಹಾ ಆರಿ ಹೋಯಿತು. ನಿಜವಾಗಿ ತಾಮ್ರ ಹೋಗಿದೆ. ಪೂರ್ತಿ ಹೋಗಿಲ್ಲ, ಅಷ್ಟೇ.

ಕಂದು ಬಣ್ಣದ ಕಡಲಪಾಚಿಯ ಜೀವಕೋಶದ ಗೋಡೆಯಲ್ಲಿ ಆಲ್ಜಿನೇಟ್ ಅನ್ನುವ ಅಂಟು ಇರುತ್ತದೆ. ಒಣ ತೂಕದಲ್ಲಿ ಹತ್ತಕ್ಕೆ ಒಂದು ಪಾಲಿನಿಂದ ನಾಲ್ಕು ಪಾಲಿನವರೆಗೂ ಅದೇ. ಹಲ್ಲಿನ ಡಾಕ್ಟರು ನಿಮ್ಮ ಬಾಯಿಗೆ ಮೆತ್ತನೆಯ ಹಿಟ್ಟು ತುರುಕಿ ಅಚ್ಚು ತೆಗೆಯುತ್ತಾರಲ್ಲ, ಅದು ಇದೇ ಆಲ್ಜಿನೇಟ್. ಐಸ್‌ಕ್ರೀಮಿನಲ್ಲೂ ಇರುತ್ತದೆ.

ಈ ಅಂಟಿನ ಉದ್ದಕ್ಕೂ ಋಣ ವಿದ್ಯುತ್ತಿನ ಜಾಗಗಳು ಇವೆ. ಬಸ್ಸಿನ ಸೀಟು ಅಂದುಕೊಳ್ಳಿ. ಸಮುದ್ರದಲ್ಲಿ ಇದ್ದಾಗ ಆ ಸೀಟುಗಳಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂತಿರುತ್ತವೆ. ಧನ ವಿದ್ಯುತ್ತಿನ ತಾಮ್ರವೋ ಸೀಸವೋ ಬಂದರೆ ಅವನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಕ್ಯಾಲ್ಸಿಯಂ ನೀರಿಗೆ ಇಳಿಯುತ್ತದೆ. ಹಿಡಿತದಲ್ಲಿ ಸೀಸ ಎಲ್ಲರಿಗಿಂತ ಜೋರು. ಅದರ ಹಿಂದೆ ತಾಮ್ರ. ಆಮೇಲೆ ಕ್ಯಾಡ್ಮಿಯಂ, ಸತು. ನಿಕ್ಕಲ್ ಇನ್ನೂ ಸಡಿಲು.

ಒಂದು ತಕರಾರು ಇದೆ. ನೀರು ತುಂಬಾ ಹುಳಿ ಇದ್ದರೆ, ಅಂದರೆ ಪಿಎಚ್ 2ಕ್ಕಿಂತ ಕೆಳಗೆ ಇದ್ದರೆ, ಹೈಡ್ರೋಜನ್ ಅಯಾನುಗಳು, ಅಂದರೆ ಹುಳಿಯಲ್ಲಿರುವ ಧನ ವಿದ್ಯುತ್ತಿನ ಕಣಗಳು, ಮೊದಲೇ ಬಂದು ಎಲ್ಲ ಸೀಟಿಗೂ ಟವೆಲ್ ಹಾಕಿರುತ್ತವೆ. ಟವೆಲ್ ಬಿದ್ದ ಸೀಟಿನ ಮರ್ಯಾದೆ ಕೇಂದ್ರ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ಪಿಎಚ್ 4ರಿಂದ 5.5ರ ನಡುವೆ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಮೈಲುತುತ್ತದ ನೀರು ಸಾಧಾರಣವಾಗಿ ಅಲ್ಲೇ ಎಲ್ಲೋ ಇರುತ್ತದೆ. ನಿಮ್ಮ ಅದೃಷ್ಟ.

ಇನ್ನು ಲೆಕ್ಕ. ದಿನಕ್ಕೆ ಎಷ್ಟು ಮೈಲುತುತ್ತ ಖರ್ಚಾಗುತ್ತದೆ?

ಕೋಟೆಮಣ್ಣು, ಬೀದರ್

ಸರ್, ಒಂದು ದೊಡ್ಡ ಚಮಚ. ತೂಗಿ ನೋಡಿದೆ, ಸುಮಾರು 10 ಗ್ರಾಂ. ಬೆಳ್ಳಿ ತೂಗುವ ತಕ್ಕಡಿ ಇದೆ ನಮ್ಮಲ್ಲಿ, ಸುಳ್ಳು ಹೇಳುವುದಿಲ್ಲ ಅದು.

ಪಿಪೆಟ್ ಮಾಸ್ತರ, ಕಲಬುರಗಿ

ಹಾಗಾದರೆ ಕೇಳಿ. ಮೈಲುತುತ್ತದ ನೀಲಿ ಹರಳಿನಲ್ಲಿ ಕಾಲು ಭಾಗ ತಾಮ್ರ, ಮಿಕ್ಕಿದ್ದು ಸಲ್ಫೇಟ್ ಮತ್ತು ನೀರು. 10 ಗ್ರಾಂ ಅಂದರೆ 2.5 ಗ್ರಾಂ ತಾಮ್ರ. ಎಲ್ಲವೂ 20 ಲೀಟರಿಗೆ ಇಳಿದರೆ ಲೀಟರಿಗೆ 125 ಮಿಲಿಗ್ರಾಂ. ನದಿ, ಹಳ್ಳಕ್ಕೆ ಬಿಡುವ ಕಾರ್ಖಾನೆ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತಾಮ್ರ ಮೀರಬಾರದು ಅಂತ ಕೇಂದ್ರದ ನಿಯಮ. ಸತುವಿಗೆ 5. ಕುಡಿಯುವ ನೀರಿಗೆ ಬೇರೆ ಲೆಕ್ಕ, ಅಲ್ಲಿ ತಾಮ್ರ 0.05 ಇರಬೇಕು, ಬೇರೆ ದಾರಿಯೇ ಇಲ್ಲ ಅಂದರೆ 1.5ರವರೆಗೆ.

ಸರ್ಗಾಸಂ ಅನ್ನುವ ಕಂದು ಪಾಚಿ ಒಳ್ಳೆಯದಿದ್ದರೆ ಲ್ಯಾಬಿನಲ್ಲಿ ಗ್ರಾಮಿಗೆ 50–60 ಮಿಲಿಗ್ರಾಂ ತಾಮ್ರ ಹಿಡಿಯುತ್ತದೆ. ಬಕೆಟ್ಟಿನಲ್ಲಿ ಅದರ ಅರ್ಧ ಅಂದುಕೊಳ್ಳೋಣ, 30. 2,500ನ್ನು 30ರಿಂದ ಭಾಗಿಸಿ. ಸುಮಾರು 85 ಗ್ರಾಂ ಬೇಕು. ನೀವು ಹಾಕಿದ ಒಂದು ಹಿಡಿ 20 ಗ್ರಾಂ ಇದ್ದರೆ ಹೆಚ್ಚು. ಅದಕ್ಕೇ ನೀಲಿ ತೆಳುವಾಯಿತು, ಹೋಗಲಿಲ್ಲ.

ಇನ್ನೊಂದು ಗುಟ್ಟು. ಲೆಕ್ಕಕ್ಕೆ 100 ಗ್ರಾಂ ಅಂದುಕೊಳ್ಳಿ, ಆದರೆ ಒಂದೇ ಸಲ ಹಾಕಬೇಡಿ. ಐವತ್ತು ಹಾಕಿ, ಎರಡು ತಾಸು ಬಿಟ್ಟು ಸೋಸಿ, ಆ ನೀರನ್ನು ಇನ್ನೊಂದು ಬಕೆಟ್ಟಿನ ಹೊಸ ಐವತ್ತಕ್ಕೆ ಹಾಕಿ. ನೀರು ತಿಳಿಯಾದಷ್ಟೂ ಪಾಚಿಯ ಹಿಡಿಯುವ ಹುಮ್ಮಸ್ಸು ಕಡಿಮೆ ಆಗುತ್ತದೆ. ಕೊನೆಯ ಚೂರು ತೆಗೆಯಲು ಹೊಸ ಪಾಚಿಯೇ ಬೇಕು. ರಾತ್ರಿಯೆಲ್ಲ ನೆನೆಸುವುದೂ ಬೇಡ. ಹಿಡಿಯುವುದನ್ನೆಲ್ಲ ಮೊದಲ ಒಂದೆರಡು ತಾಸಿನಲ್ಲೇ ಹಿಡಿದಿರುತ್ತದೆ. ಆಮೇಲೆ ಬರುವುದು ಬರೀ ವಾಸನೆ.

ತೊಗರಿ ಕಾಕಾ, ಚಿತ್ತಾಪುರ

ಮಾಸ್ತರೇ, ನಡುವೆ ಬಾಯಿ ಹಾಕಿದೆ, ತಪ್ಪು ತಿಳಿಯಬೇಡಿ. ನಾವು ತೊಗರಿಗೆ ಹೂ ಬಿಡುವ ಹೊತ್ತಿಗೆ ಕಡಲಪಾಚಿ ಟಾನಿಕ್ ಅಂತ ಕಪ್ಪನೆಯ ಬಾಟಲಿ ತಂದು ಹೊಡೆಯುತ್ತೇವೆ. ಅದೇ ಪಾಚಿ ತಾನೇ? ಅರ್ಧ ಬಾಟಲಿ ಉಳಿದಿದೆ. ನಮ್ಮ ಬೋರಿಗೆ ಸುರಿದರೆ ನೀರು ಚೊಕ್ಕ ಆಗುತ್ತಾ? ಒಲೆ ಮೇಲಿಟ್ಟ ಪಾತ್ರೆಗೆ ಬೆಳ್ಳಗೆ ಸಿಮೆಂಟು ಬಡಿದ ಹಾಗೆ ಕೂರುತ್ತದೆ ನಮ್ಮ ನೀರು.

ಪಿಪೆಟ್ ಮಾಸ್ತರ, ಕಲಬುರಗಿ

ಕಾಕಾ, ದಯವಿಟ್ಟು ಸುರಿಯಬೇಡಿ!

ಬಾಟಲಿಯಲ್ಲಿ ಇರುವುದು ಪಾಚಿಯ ರಸ. ನೀರಿನಲ್ಲಿ ಕರಗಿ ಹೋಗುತ್ತದೆ. ಲೋಹ ಹಿಡಿದರೂ ಹಿಡಿದುಕೊಂಡು ಅದೇ ನೀರಿನಲ್ಲಿ ಓಡಾಡುತ್ತದೆ. ಹೊರಗೆ ತೆಗೆಯುವುದು ಹೇಗೆ? ಪಾಚಿ ಗಟ್ಟಿ ಇರಬೇಕು, ಸೋಸಿ ಎತ್ತುವ ಹಾಗೆ ಇರಬೇಕು. ಕಳ್ಳನನ್ನು ಹಿಡಿದ ಪೊಲೀಸನೂ ಕಳ್ಳನ ಜೊತೆ ಊರಲ್ಲೇ ತಿರುಗಾಡಿದರೆ ಏನು ಬಂತು?

ಮತ್ತೆ ನಿಮ್ಮ ಪಾತ್ರೆಯ ಬಿಳಿ ಕ್ಯಾಲ್ಸಿಯಂನದು. ನಿಮ್ಮ ಕಡೆ ನೆಲದಡಿ ಸುಣ್ಣದಕಲ್ಲು. ಶಹಾಬಾದ ಪರಸಿ, ಸೇಡಂ, ವಾಡಿ ಸಿಮೆಂಟು ಎಲ್ಲ ಅದರ ಮೇಲೇ ನಿಂತಿರುವುದು. ಅದು ಗಡಸು ನೀರು, ಭಾರ ಲೋಹ ಅಲ್ಲ. ಇಷ್ಟು ಕ್ಯಾಲ್ಸಿಯಂ ಇರುವ ನೀರಿಗೆ ಪಾಚಿ ಹಾಕಿದರೆ ಸೀಟೆಲ್ಲ ಕ್ಯಾಲ್ಸಿಯಂನವೇ ಹಿಡಿದು ಕೂರುತ್ತವೆ.

ತೊಗರಿ ಕಾಕಾ, ಚಿತ್ತಾಪುರ

ಆಯ್ತ್ರಿ. ತೊಗರಿಗೇ ಹೊಡೀತೀನಿ.

ಸುಣ್ಣದ ನೀರು, ಹುಮನಾಬಾದ್

ಇಪ್ಪತ್ತು ವರ್ಷ ಕಾರ್ಖಾನೆಗಳ ಕೊಳೆನೀರು ಶುದ್ಧ ಮಾಡುವ ಪ್ಲಾಂಟುಗಳಲ್ಲಿ ದುಡಿದವನು ನಾನು. ಮಾಸ್ತರ ಪಾಠ ಚೆನ್ನಾಗಿದೆ. ಆದರೆ ಬೀದರಿಗೂ ಕುಮಟಾದ ಸಮುದ್ರಕ್ಕೂ ಐನೂರು ಕಿಲೋಮೀಟರಿನ ಮೇಲೆ ಇದೆ. ಅಷ್ಟು ದೂರದಿಂದ ಪಾಚಿ ಯಾಕೆ ಹೊರಬೇಕು? ಹಿಡಿ ಸುಣ್ಣ ಹಾಕಿದರೆ ಮುಗಿಯಿತು. ಪಿಎಚ್ 9ರ ಹತ್ತಿರ ತಂದರೆ ತಾಮ್ರ, ಸತು ಎರಡೂ ಕೆಸರಾಗಿ ತಳಕ್ಕೆ ಕೂರುತ್ತವೆ. ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿಗೆ ಇಳಿಸಬಹುದು. ಜಾಸ್ತಿ ಸುಣ್ಣ ಸುರಿದು 11 ದಾಟಿಸಬೇಡಿ, ಸತು ಮತ್ತೆ ಕರಗುತ್ತದೆ.

ಇನ್ನೂ ಸುಲಭ ಬೇಕಾ? ತುಕ್ಕು ಇಲ್ಲದ ಹಳೆಯ ಮೊಳೆ, ಕಬ್ಬಿಣದ ಚೂರು ರಾತ್ರಿ ಬಕೆಟ್ಟಿಗೆ ಹಾಕಿ. ತಾಮ್ರ ತಾನಾಗಿ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ. ಗುಜರಿಯವನು ತಾಮ್ರಕ್ಕೆ ದುಡ್ಡೂ ಕೊಡುತ್ತಾನೆ. ಸತು ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ಪಾಚಿ ಇಷ್ಟು ಒಳ್ಳೆಯದಾಗಿದ್ದರೆ ದೊಡ್ಡ ಕಾರ್ಖಾನೆಗಳು ಯಾಕೆ ಬಳಸುತ್ತಿಲ್ಲ? ಯೋಚಿಸಿ.

ಪಿಪೆಟ್ ಮಾಸ್ತರ, ಕಲಬುರಗಿ

ಪ್ರಶ್ನೆ ನ್ಯಾಯವಾಗಿದೆ, ಉತ್ತರ ಕೊಡಲೇಬೇಕು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬೊಹುಮಿಲ್ ವೊಲೆಸ್ಕಿ ಅನ್ನುವವರು ದಶಕಗಟ್ಟಲೆ ಇದೇ ಕೆಲಸ ಮಾಡಿದರು. ಸರ್ಗಾಸಂ, ಆಸ್ಕೋಫಿಲಂ ಪಾಚಿಗಳಿಂದ ಕ್ಯಾಡ್ಮಿಯಂ, ಸೀಸ ಎಷ್ಟು ಹಿಡಿಯಬಹುದು ಅಂತ ತೂಗಿ ತೋರಿಸಿದರು. ನಮ್ಮ ದೇಶದಲ್ಲೂ ಇದರ ಮೇಲೆ ರಾಶಿ ಪ್ರಬಂಧಗಳು ಬಂದಿವೆ. ಆದರೆ ಮಾರುಕಟ್ಟೆಯಲ್ಲಿ ಇದೇ ಸೀಟು ಬದಲಿಸುವ ಕೆಲಸಕ್ಕೆ ಅಂತ ಕಾರ್ಖಾನೆಯಲ್ಲಿ ಮಾಡಿದ ಪ್ಲಾಸ್ಟಿಕ್ಕಿನಂಥ ಕಾಳು, ಅಂದರೆ ಅಯಾನು ಬದಲಿಸುವ ರೆಸಿನ್, ಮೊದಲೇ ಗಟ್ಟಿಯಾಗಿ ಕೂತಿತ್ತು. ರೆಸಿನ್ ಪ್ರತಿ ಸಲ ಒಂದೇ ಥರ ಬರುತ್ತದೆ. ಪಾಚಿ ಹಾಗಲ್ಲ. ಊರು ಬದಲಾದರೆ, ತಿಂಗಳು ಬದಲಾದರೆ ಗುಣ ಬದಲಾಗುತ್ತದೆ. ಕಾರ್ಖಾನೆಯವರಿಗೆ ಅದು ಆಗಿಬರುವುದಿಲ್ಲ.

ಆದರೆ ನಿಮ್ಮ ಸುಣ್ಣದಲ್ಲೂ ಒಂದು ಗೋಳು ಇದೆ ಅಲ್ವಾ ಅಣ್ಣ? ಆ ಕೆಸರು. ಒಣಗದ, ಹಿಂಡಲು ಬರದ ನೀರುನೀರು ಕೆಸರು. ದಿನಾ ಬಕೆಟ್ಟಿನ ತಳದಲ್ಲಿ ಎರಡು ಇಂಚು. ಅದನ್ನು ಅಕ್ಕ ಎಲ್ಲಿ ಇಡಬೇಕು? ಪಾಚಿ ಆದರೆ ತಾಮ್ರವನ್ನು ಒಂದು ಹಿಡಿಯಲ್ಲಿ ಕಟ್ಟಿಕೊಡುತ್ತದೆ. ತೆಳುವಾದ ಆ್ಯಸಿಡ್‌ನಲ್ಲಿ ತೊಳೆದರೆ ತಾಮ್ರ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ಆ್ಯಸಿಡ್‌ನ ಹೈಡ್ರೋಜನ್ ತಾಮ್ರವನ್ನು ಎಬ್ಬಿಸಿ ಸೀಟಿಗೆ ಟವೆಲ್ ಹಾಕುತ್ತದೆ, ಟವೆಲ್ ಕಥೆ ಇಲ್ಲಿ ನಮ್ಮ ಕಡೆಗೇ ತಿರುಗುತ್ತದೆ.

ಸುಣ್ಣದ ನೀರು, ಹುಮನಾಬಾದ್

ಕೆಸರಿನ ವಿಷಯ ಒಪ್ಪಿದೆ. ಅದರ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ಆದರೂ ಹೇಳುತ್ತೇನೆ, ಮೊದಲು ಸುಣ್ಣ ಹಾಕಿ ನೋಡಿ ತಂಗಿ. ಹತ್ತು ರೂಪಾಯಿ ಖರ್ಚು.

ಕೋಟೆಮಣ್ಣು, ಬೀದರ್

ಅಣ್ಣ, ಹಾಕಿದೆ. ಏನಾಯಿತು ಕೇಳಿ.

ನಮ್ಮಲ್ಲಿ ತೊಳೆದ ನೀರೆಲ್ಲ ಒಂದೇ ಡ್ರಮ್ಮಿಗೆ ಹೋಗುತ್ತದೆ. ನೀಲಿ ನೀರು, ಕೋಟೆ ಮಣ್ಣಿನ ನೀರು, ಕೈ ತೊಳೆದದ್ದು, ಎಲ್ಲ. ಅದಕ್ಕೇ ಎರಡು ಹಿಡಿ ಸುಣ್ಣ ಹಾಕಿ ಕೋಲಿನಿಂದ ತಿರುವಿದೆ. ಒಂದು ನಿಮಿಷ ಆಗಿಲ್ಲ, ಮೂಗಿಗೆ ಚಾಕು ಹಾಕಿದ ಹಾಗೆ ಘಾಟು. ಕಣ್ಣಲ್ಲಿ ನೀರು ಧಾರಾಕಾರ. ಕೆಲಸ ಮಾಡುತ್ತಿದ್ದವರು ಮೂವರೂ ಹೊರಗೆ ಓಡಿದರು. ಸ್ವಲ್ಪ ಹೊತ್ತು ಬಿಟ್ಟು ಟವೆಲ್ ಮುಖಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದರೆ ನೀರು ತಿಳಿ ಆಗುವುದು ಹಾಗಿರಲಿ, ಮೊದಲಿಗಿಂತ ಗಾಢ ನೀಲಿ. ಇಂಕ್ ಪೆನ್ನಿನ ಮಸಿ ನೋಡಿ, ಹಾಗೆ. ಎಂಥಾ ಚೆಂದ ಬಣ್ಣ ಅಂತೀರಿ! ಅತ್ತೆ "ಸೀರೆಗೆ ಈ ಬಣ್ಣ ಸಿಕ್ಕರೆ ಎಷ್ಟು ಚೆನ್ನಾಗಿರುತ್ತೆ" ಅಂದರು. ನನಗೆ ಅಳು ಬರುವುದೊಂದೇ ಬಾಕಿ.

ಪಿಪೆಟ್ ಮಾಸ್ತರ, ಕಲಬುರಗಿ

ಅಯ್ಯೋ. ನವಸಾಗರ!

ಇದು ನನಗೆ ಮೊದಲೇ ಹೊಳೆಯಬೇಕಿತ್ತು, ನೀವು ಮೊದಲ ಪೋಸ್ಟಿನಲ್ಲೇ ಬರೆದಿದ್ದಿರಿ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಸುಣ್ಣ ತಾಗಿದ ಕೂಡಲೇ ಅಮೋನಿಯಾ ಅನಿಲ ಬಿಡುತ್ತದೆ, ಆ ಘಾಟು ಅದರದೇ. ಆ ಅಮೋನಿಯಾ ತಾಮ್ರವನ್ನು ನಾಲ್ಕೂ ಕಡೆಯಿಂದ ಅಪ್ಪಿ ಹಿಡಿಯುತ್ತದೆ. ಹಾಗೆ ಅಪ್ಪಿದ ತಾಮ್ರದ ಬಣ್ಣವೇ ಆ ಗಾಢ ನೀಲಿ. ಅದು ಸುಣ್ಣಕ್ಕೆ ಕೆಸರಾಗಿ ಕೂರುವುದಿಲ್ಲ. ಪರೀಕ್ಷೆಯಲ್ಲಿ ತಾಮ್ರ ಇದೆಯೋ ಇಲ್ಲವೋ ನೋಡಲು ನಮ್ಮ ಹುಡುಗರು ಅಮೋನಿಯಾ ಹನಿ ಹಾಕಿ ನೋಡುವುದು ಇದನ್ನೇ. ನೀವು ಇಡೀ ಡ್ರಮ್ಮಿನಲ್ಲಿ ಪ್ರಾಕ್ಟಿಕಲ್ ಮಾಡಿಬಿಟ್ಟಿರಿ.

ಡ್ರಮ್ಮನ್ನು ಮುಚ್ಚಬೇಡಿ, ಗಾಳಿಗೆ ಬಿಡಿ. ಹತ್ತಿರ ಯಾರೂ ಕೂರಬೇಡಿ.

ಸುಣ್ಣದ ನೀರು, ಹುಮನಾಬಾದ್

ತಪ್ಪು ನನ್ನದೂ ಇದೆ ತಂಗಿ. ಡ್ರಮ್ಮಿನಲ್ಲಿ ಏನೇನು ಇದೆ ಅಂತ ಕೇಳದೆ ಸುಣ್ಣ ಹಾಕು ಅಂದೆ. ಕಣ್ಣು ಈಗ ಹೇಗಿದೆ?

ಇವತ್ತಿನಿಂದ ಡ್ರಮ್ ಎರಡು. ಮೈಲುತುತ್ತದ್ದು ಬೇರೆ, ನವಸಾಗರದ್ದು ಬೇರೆ. ಯಾವ ಕಾರಣಕ್ಕೂ ಕೂಡಿಸಬೇಡಿ.

ಕೋಟೆಮಣ್ಣು, ಬೀದರ್

ಕಣ್ಣು ಸರಿಯಾಗಿದೆ ಅಣ್ಣ. ಹಸಿರು ಡ್ರಮ್ ಒಂದು ತಂದೆವು, ಅದು ನವಸಾಗರಕ್ಕೆ.

ಭೀಮಾತೀರ, ಯಾದಗಿರಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಮಾತು ಕೇಳಬೇಕು. ನಮ್ಮ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಹೆಸರು ಕೇಳಿರುತ್ತೀರಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಬಂದು ಜನರ ಅಂಗೈ, ಅಂಗಾಲು ಗಂಟುಗಂಟಾದ ಊರು. ಚಿನ್ನದ ಅದಿರು ಇರುವ ಕಲ್ಲಿನ ಪಟ್ಟಿ ಅದು, ಅಲ್ಲಿ ಆರ್ಸೆನಿಕ್ ಕಲ್ಲಿನಲ್ಲೇ ಇದೆ. ಇನ್ನು ಫ್ಲೋರೈಡ್ ಅಂತೂ ನಮ್ಮ ಎಷ್ಟೋ ಹಳ್ಳಿಗಳ ಹಲ್ಲು ನೋಡಿದರೆ ಗೊತ್ತಾಗುತ್ತದೆ. ಈ ಪಾಚಿ ನಮಗೆ ಆಗುತ್ತಾ? ಚೀಲಕ್ಕೆ ಎಷ್ಟು ಬೀಳುತ್ತದೆ? ಊರಿನ ಹುಡುಗರು ಸೇರಿ ತರಿಸುತ್ತೇವೆ.

ಪಿಪೆಟ್ ಮಾಸ್ತರ, ಕಲಬುರಗಿ

ತಮ್ಮಾ, ಆಗುವುದಿಲ್ಲ. ಒಂದು ರೂಪಾಯಿಯನ್ನೂ ಇದಕ್ಕೆ ಹಾಕಬೇಡಿ.

ಪಾಚಿಯ ಸೀಟು ಋಣದ್ದು ಅಂದೆನಲ್ಲ, ಅಲ್ಲಿ ಧನ ವಿದ್ಯುತ್ತಿನವರು ಮಾತ್ರ ಕೂರುತ್ತಾರೆ. ಫ್ಲೋರೈಡ್ ಋಣ. ಆರ್ಸೆನಿಕ್ ನೀರಿನಲ್ಲಿ ಎರಡು ವೇಷದಲ್ಲಿ ಇರುತ್ತದೆ. ಆರ್ಸೆನೇಟ್ ಆದರೆ ಋಣ, ಪಾಚಿ ಅದನ್ನು ದೂರ ತಳ್ಳುತ್ತದೆ. ಆರ್ಸೆನೈಟ್ ಆದರೆ ಸಾಧಾರಣ ನೀರಿನಲ್ಲಿ ಅದಕ್ಕೆ ಧನವೂ ಇಲ್ಲ ಋಣವೂ ಇಲ್ಲ, ಪಾಚಿಯನ್ನು ತಿರುಗಿಯೂ ನೋಡುವುದಿಲ್ಲ.

ಇನ್ನೂ ಕೆಟ್ಟ ಮಾತು ಕೇಳಿ. ಕಂದು ಪಾಚಿಗಳು ಸಮುದ್ರದಿಂದ ತಾವೇ ಆರ್ಸೆನಿಕ್ ಹೀರಿ ಇಟ್ಟುಕೊಂಡಿರುತ್ತವೆ. ಹೆಚ್ಚಿನ ಜಾತಿಗಳಲ್ಲಿ ಅದು ಅಷ್ಟು ವಿಷವಲ್ಲದ ರೂಪದಲ್ಲಿ ಇರುತ್ತದೆ. ಆದರೆ ಸರ್ಗಾಸಂ ಕುಲದ ಹಿಜಿಕಿ ಅನ್ನುವ ಪಾಚಿಯಲ್ಲಿ ವಿಷದ ರೂಪವೇ ಜಾಸ್ತಿ. ಅದನ್ನು ತಿನ್ನಬೇಡಿ ಅಂತ ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲೇ ಜನರಿಗೆ ಹೇಳಿದೆ. ಕುಡಿಯುವ ನೀರಿನ ಕೊಡಕ್ಕೆ ಇಂಥದನ್ನು ಹಾಕುತ್ತೀರಾ?

ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸೈಡ್ ಲೇಪಿಸಿದ ಶೋಧಕ ಬೇಕು, ಇಲ್ಲವೇ ಆರ್‌ಒ. ಎಲ್ಲಕ್ಕಿಂತ ಒಳ್ಳೆಯದು ಬೇರೆ ಕಡೆಯಿಂದ ಒಳ್ಳೆಯ ನೀರು ತರುವುದು. ಫ್ಲೋರೈಡ್‌ಗೆ ಆಲಂ ಮತ್ತು ಸುಣ್ಣದ ನಲಗೊಂಡ ವಿಧಾನ ಇದೆ, ನಮ್ಮ ಪಕ್ಕದ ತೆಲಂಗಾಣದ ಊರಿನ ಹೆಸರೇ ಅದಕ್ಕೆ. ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ. ಕುದಿಸಿದರೆ ಎರಡೂ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಇನ್ನೂ ದಟ್ಟ ಆಗುತ್ತದೆ. ಇದನ್ನು ಊರಿನ ಹೆಣ್ಣುಮಕ್ಕಳಿಗೆ ಕೂಡಿಸಿ ಹೇಳಿ, ಪುಣ್ಯ ಬರುತ್ತದೆ.

ಭೀಮಾತೀರ, ಯಾದಗಿರಿ

ಬೇಸರ ಆಯಿತು ಸರ್. ಆದರೆ ನೇರ ಹೇಳಿದ್ದಕ್ಕೆ ಉಪಕಾರ ಆಯಿತು. ಹೋದ ವರ್ಷ ಒಬ್ಬ ಬಂದು ಯಾವುದೋ ಕಡ್ಡಿ ಮಾರಿ ಹೋಗಿದ್ದ, ಕೊಡದಲ್ಲಿ ಅದ್ದಿದರೆ ಎಲ್ಲ ವಿಷ ಹೋಗುತ್ತದೆ ಅಂತ. ಆ ಕಡ್ಡಿಗೂ ಇದಕ್ಕೂ ಫರಕು ತಿಳಿಯದೆ ಕೇಳಿದೆ.

ಕಡಲಮಗಳು, ಕುಮಟಾ

ಪಾಚಿ ಅಂತ ಕಂಡಿತು, ಬಂದೆ. ನಿಮ್ಮ ಭಾವ ತಂದ ಚೀಲದಲ್ಲಿ ಯಾವ ಜಾತಿ ಇದೆ ನೋಡಿದ್ದೀರಾ? ನಮ್ಮ ಬಂಡೆಗಳ ಮೇಲೆ ಎಲ್ಲ ಥರದ್ದೂ ಇರುತ್ತದೆ. ಮೆಣಸಿನ ಕಾಳಿನಷ್ಟು ಗಾಳಿಗುಳ್ಳೆ, ಉದ್ದ ಎಲೆ, ಕಂದು ಬಣ್ಣ ಇದ್ದರೆ ಸರ್ಗಾಸಂ. ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಅಂಚಿನಲ್ಲಿ ಬಿಳಿ ಗೆರೆ ಇದ್ದರೆ ಪಡೈನಾ, ಅದೂ ಕಂದು ಜಾತಿಯೇ. ಪಾಲಕ್ ಎಲೆಯ ಹಾಗೆ ಹಸಿರಾಗಿ ತೆಳ್ಳಗೆ ಇದ್ದರೆ ಉಲ್ವಾ. ಹಸಿರಿನಲ್ಲಿ ಮಾಸ್ತರು ಹೇಳಿದ ಅಂಟು ಇರುವುದಿಲ್ಲ, ಅದನ್ನು ಆರಿಸಿ ಕರಿಬೇವಿಗೇ ಹಾಕಿ.

ಇನ್ನೊಂದು. ಇನ್ನು ಮುಂದೆ ತರಿಸಿದರೆ ದಡಕ್ಕೆ ತಾನಾಗಿ ಬಂದು ಬಿದ್ದಿದ್ದನ್ನೇ ಆರಿಸಿಕೊಡಲು ಹೇಳಿ. ಬಂಡೆಯಿಂದ ಕಿತ್ತುಕೊಡುವುದು ಬೇಡ. ಮೀನು ಮರಿ, ಸಣ್ಣ ಏಡಿ ಎಲ್ಲ ಅದರ ಬುಡದಲ್ಲೇ ಇರುವುದು. ಬೀದರಿನ ಬಾವಿ ಉಳಿಸಲು ಕುಮಟಾದ ಏಡಿ ಸಾಯಬಾರದು ನೋಡಿ.

ವಾಸನೆಗೆ ಏನು ಮಾಡಬೇಕು ಗೊತ್ತಾ? ಮೂರು ಸಲ ಸಿಹಿನೀರಿನಲ್ಲಿ ತೊಳೆದು, ಕಡುಬಿಸಿಲಿಗೆ ಒಣಗಿಸಬೇಕು. ಅರ್ಧ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ನಾರದೆ ಇರುತ್ತದಾ?

ಕೋಟೆಮಣ್ಣು, ಬೀದರ್

ಅಕ್ಕ, ಬಿಸಿಲಿಗೆ ಬರ ಇಲ್ಲ ನಮ್ಮಲ್ಲಿ. ಅದೊಂದನ್ನು ಬೇಕಾದರೆ ನಿಮಗೇ ಕಳಿಸಿಕೊಡುತ್ತೇನೆ.

ಮೂರನೇ ಸಲದ ವರದಿ. ಹಸಿರು ಆರಿಸಿ ತೆಗೆದೆ. ಮಿಕ್ಕಿದ್ದನ್ನು ಮೂರು ನೀರಿನಲ್ಲಿ ತೊಳೆದೆ, ಮೊದಲ ನೀರು ನಾಲಿಗೆಗೆ ಉಪ್ಪು, ಮೂರನೆಯದು ಸಪ್ಪೆ. ಮಾಳಿಗೆ ಮೇಲೆ ಎರಡು ದಿನ ಒಣಗಿಸಿದೆ. ಕೈಯಲ್ಲಿ ಮುರಿದರೆ ಹಪ್ಪಳದ ಹಾಗೆ ಸದ್ದು. ಹಳೆಯ ಮಿಕ್ಸರಿನಲ್ಲಿ ತರಿತರಿಯಾಗಿ ಪುಡಿ ಮಾಡಿ ರವೆ ಸಾಣಿಗೆಯಲ್ಲಿ ಸಾಣಿಸಿದೆ. ಸಾಣಿಗೆ ಇನ್ನು ಅಡುಗೆಗೆ ಬೇಡ ಅಂತ ಅತ್ತೆ ಅದರ ಮೇಲೆ ಕೆಂಪು ದಾರ ಕಟ್ಟಿಟ್ಟಿದ್ದಾರೆ.

ಐವತ್ತು ಐವತ್ತು ಗ್ರಾಂ ತೂಗಿ, ಮೊಸರು ಕಟ್ಟುವಂಥ ತೆಳು ಬಟ್ಟೆಯಲ್ಲಿ ಎರಡು ಗಂಟು ಕಟ್ಟಿದೆ. ಬರೀ ಮೈಲುತುತ್ತದ ಬಕೆಟ್ಟಿಗೆ ಮೊದಲನೆಯದನ್ನು ಬಿಟ್ಟು ಆಗಾಗ ಚಹಾ ಪುಡಿ ಅದ್ದಿದ ಹಾಗೆ ಮೇಲೆ ಕೆಳಗೆ ಎಳೆದೆ. ಎರಡು ತಾಸಿಗೆ ನೀಲಿ ಕಣ್ಣಿಗೆ ಕಾಣದಷ್ಟು ಆಯಿತು. ಸೋಸಿ ಎರಡನೇ ಬಕೆಟ್ಟು, ಎರಡನೇ ಗಂಟು, ಮತ್ತೆ ಎರಡು ತಾಸು.

ತಾಮ್ರ ಇದೆಯೋ ಇಲ್ಲವೋ ನೋಡಲು ಹುಮನಾಬಾದ್ ಅಣ್ಣ ಹೇಳಿದ ಕಬ್ಬಿಣದ ಉಪಾಯ ಬಳಸಿದೆ. ಮೂರು ಹೊಸ ಮೊಳೆ ಅರದಿಂದ ಉಜ್ಜಿ ಫಳಫಳ ಮಾಡಿ ಮೂರು ಗ್ಲಾಸಿಗೆ ಹಾಕಿದೆ. ಏನೂ ಮಾಡದ ನೀಲಿ ನೀರಿನಲ್ಲಿ ಹತ್ತು ನಿಮಿಷಕ್ಕೆ ಮೊಳೆ ಹೊಸ ಪೈಸೆಯ ಹಾಗೆ ಕೆಂಪಾಯಿತು. ಮೊದಲ ಬಕೆಟ್ಟಿನ ನೀರಿನಲ್ಲಿ ಒಂದು ತಾಸಿನ ಮೇಲೆ ತುದಿಗೆ ಮಾತ್ರ ತೆಳು ಕೆಂಪು. ಎರಡನೇ ಬಕೆಟ್ಟಿನ ನೀರಿನಲ್ಲಿ ಬೆಳಗಿನವರೆಗೂ ತಾಮ್ರದ ಬಣ್ಣ ಬರಲಿಲ್ಲ, ಬರೀ ತುಕ್ಕು.

ಎರಡು ತೊಂದರೆ. ಗಂಟು ಉಬ್ಬಿ ಬೆಂಡೆಕಾಯಿ ಲೋಳೆ ಹಾಗಾಗಿದೆ. ನೀರು ಇನ್ನೂ ಸ್ವಲ್ಪ ಕಂದು.

ಪಿಪೆಟ್ ಮಾಸ್ತರ, ಕಲಬುರಗಿ

ಭೇಷ್! ಪಾಸು ಮಾಡಿದ್ದೇನೆ.

ಲೋಳೆ ಅಂದರೆ ಆಲ್ಜಿನೇಟ್ ಬಿಟ್ಟುಕೊಳ್ಳುತ್ತಿದೆ. ಸೋಡಿಯಂ ಜೊತೆ ಇದ್ದಾಗ ಅದು ಕರಗುತ್ತದೆ, ಕ್ಯಾಲ್ಸಿಯಂ ಜೊತೆ ಇದ್ದಾಗ ಗಟ್ಟಿ. ಮುಂದಿನ ಸಲ ತೊಳೆದ ಪುಡಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಮತ್ತೆ ತೊಳೆಯಿರಿ. ತಾಮ್ರಕ್ಕೆ ಕ್ಯಾಲ್ಸಿಯಂ ಎಬ್ಬಿಸುವ ತಾಕತ್ತು ಇದೆ, ಹೆದರಬೇಡಿ. ಕಂದು ಬಣ್ಣವೂ ತೊಳೆದಷ್ಟು ಕಡಿಮೆ ಆಗುತ್ತದೆ. ಹಾಂ, ನೀರನ್ನು ಹುಳಿ ಮಾಡಲು ಅಂತ ನಿಂಬೆಹಣ್ಣು ಹಿಂಡಬೇಡಿ. ನಿಂಬೆಯ ಹುಳಿಯೂ ತಾಮ್ರವನ್ನು ಅಪ್ಪಿಕೊಳ್ಳುವ ಜಾತಿಯೇ.

ಆದರೆ ಮೊಳೆ ಹೇಳಿದ್ದನ್ನು ಪೂರ್ತಿ ನಂಬಬೇಡಿ. ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೆ ಅದು ಕಣ್ಣಿಗೆ ತೋರಿಸದೆ ಇರಬಹುದು. ಮತ್ತೆ ಸತು! ಸತುವನ್ನು ಮೊಳೆ ತೋರಿಸುವುದೇ ಇಲ್ಲ. ನೀವು ಮೈಲುತುತ್ತ ಸವರಿದಾಗ ಪಾತ್ರೆ ಕಪ್ಪಾಗುವುದು ಯಾಕೆ? ತಾಮ್ರ ಬಂದು ಸತುವಿನ ಮೇಲೆ ಕೂತು, ಬದಲಿಗೆ ಸತು ನೀರಿಗೆ ಇಳಿಯುತ್ತದೆ. ಹಾಗಾಗಿ ನಿಮ್ಮ ಬಕೆಟ್ಟಿನಲ್ಲಿ ಸತುವೂ ಇದೆ, ಪಾಚಿಗೆ ಸತುವಿನ ಮೇಲೆ ಹಿಡಿತ ಕಡಿಮೆ. ಲ್ಯಾಬಿನಲ್ಲೇ ನೋಡಬೇಕು.

ತೊಗರಿ ಕಾಕಾ, ಚಿತ್ತಾಪುರ

ಆ ಗಂಟನ್ನು ನನಗೆ ಕೊಡಮ್ಮ. ಸತು, ತಾಮ್ರ ಎರಡೂ ಹೊಲಕ್ಕೆ ಬೇಕಾದ್ದೇ. ಝಿಂಕ್ ಸಲ್ಫೇಟ್ ಅಂತ ಚೀಲಕ್ಕೆ ದುಡ್ಡು ಸುರಿದು ತರುತ್ತೇವೆ. ಪಾಚಿಯೂ ಗೊಬ್ಬರ, ಲೋಹವೂ ಗೊಬ್ಬರ. ನಾನು ಹೇಳಿದ್ದರಲ್ಲಿ ಏನು ತಪ್ಪು?

ಸುಣ್ಣದ ನೀರು, ಹುಮನಾಬಾದ್

ಕಾಕಾ, ತರ್ಕ ಚೆನ್ನಾಗಿದೆ, ಅದಕ್ಕೇ ಭಯ. ಬಿದರಿಗೆ ಬಳಸುವ ಸತು ಶುದ್ಧ ಇರುತ್ತದೆ ಅಂತ ಯಾರು ಹೇಳಿದರು? ಸತುವಿನ ಅದಿರಿನ ಜೊತೆಗೇ ಸೀಸ, ಕ್ಯಾಡ್ಮಿಯಂ ಬರುತ್ತವೆ. ಗುಜರಿ ಸತುವಿನಲ್ಲಂತೂ ಏನಿದೆ ಅಂತ ದೇವರೇ ಬಲ್ಲ. ಪಾಚಿ ಎಲ್ಲಕ್ಕಿಂತ ಮೊದಲು ಹಿಡಿಯುವುದು ಸೀಸವನ್ನೇ. ಅದನ್ನು ತೊಗರಿ ಹೊಲಕ್ಕೆ ಹಾಕಿ, ಬೇಳೆ ಮಾಡಿ, ನಮಗೇ ಊಟಕ್ಕೆ ಬಡಿಸುತ್ತೀರಾ? ಒಲೆಗೂ ಹಾಕಬೇಡಿ. ಹೊಗೆ, ಬೂದಿ ಎರಡೂ ಕೆಟ್ಟದ್ದು.

ಕೋಟೆಮಣ್ಣು, ಬೀದರ್

ಗಂಟುಗಳನ್ನು ಒಣಗಿಸಿ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಟ್ಟಿದ್ದೇನೆ, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಮಾವ ಬಂದು ಡಬ್ಬ ಅಲ್ಲಾಡಿಸಿ ನೋಡಿ ಕೇಳಿದ್ದು ಒಂದೇ ಮಾತು: "ಇದರೊಳಗಿನ ಮೈಲುತುತ್ತ ವಾಪಸ್ ಬರುತ್ತಾ?" ಬರುತ್ತದೆ ಅಂದರೆ ನಾಳೆಯಿಂದ ಅವರೇ ಪಾಚಿ ಅರೆಯುತ್ತಾರೆ.

ಪಿಪೆಟ್ ಮಾಸ್ತರ, ಕಲಬುರಗಿ

ಮಾವನವರಿಗೆ ನಮಸ್ಕಾರ ಹೇಳಿ. ತಾಮ್ರ ವಾಪಸ್ ಬರುತ್ತದೆ, ಮೈಲುತುತ್ತ ಆಗಿ ಬರುವುದು ಕಷ್ಟ. ಗಂಧಕಾಮ್ಲದಲ್ಲಿ ತೊಳೆದರೆ ಪಾಚಿಯಲ್ಲಿ ಇರುವ ಕ್ಯಾಲ್ಸಿಯಂ ಜಿಪ್ಸಂ ಆಗಿ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಅದಕ್ಕೆ ಲ್ಯಾಬಿನಲ್ಲಿ ತೆಳು ಹೈಡ್ರೋಕ್ಲೋರಿಕ್ ಆ್ಯಸಿಡ್ ಬಳಸುತ್ತೇವೆ. ಒಂದು ಲೋಟ ಆ್ಯಸಿಡ್‌ಗೆ ಬಕೆಟ್ಟಿನ ತಾಮ್ರವೆಲ್ಲ ಬಂದು ಕೂರುತ್ತದೆ. ಆಮೇಲೆ ಹುಮನಾಬಾದ್ ಅಣ್ಣನ ಕಬ್ಬಿಣದ ಚೂರು ಹಾಕಿದರೆ ತಾಮ್ರದ ಪುಡಿ ಸಿಗುತ್ತದೆ. ನೋಡಿ, ಕೊನೆಗೆ ಅವರೂ ಬೇಕಾದರು.

ಆದರೆ ಇದನ್ನು ಮನೆಯಲ್ಲಿ, ಕಕ್ಕಸು ತೊಳೆಯುವ ಆ್ಯಸಿಡ್ ತಂದು ಮಾಡಬೇಡಿ. ಡ್ರಮ್ಮಿನ ಘಾಟು ನೆನಪಿದೆಯಲ್ಲ? ಡಬ್ಬ ತುಂಬಿದ ಮೇಲೆ ನಮ್ಮ ಕಾಲೇಜಿಗೆ ತನ್ನಿ. ಹುಡುಗರಿಗೂ ಪ್ರಾಜೆಕ್ಟ್ ಆಗುತ್ತದೆ.

ನೀರಿನ ಮಾದರಿ ಕಳಿಸುವುದಾದರೆ ಹೊಸ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ. ತಾಮ್ರದ ಕೊಡದಲ್ಲಿ ಸೇದಿದ ಬಾವಿ ನೀರು ಮಾತ್ರ ಬೇಡ ಅಕ್ಕ, ನಕ್ಕರೂ ಸರಿ, ಹೋದ ವರ್ಷ ಒಬ್ಬರು ಹಾಗೇ ತಂದಿದ್ದರು.

ಸುಣ್ಣದ ನೀರು, ಹುಮನಾಬಾದ್

ನವಸಾಗರದ ಹಸಿರು ಡ್ರಮ್ಮಿಗೆ ಏನು ಮಾಡುತ್ತೀರಿ? ಅದನ್ನು ಯಾರೂ ಹೇಳಲಿಲ್ಲ. ಮೊದಲು ಕಡಿಮೆ ಬಳಸಿ. ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನೇ ಮತ್ತೆ ಕುದಿಸಲು ಬರುತ್ತಾ ಅಂತ ಮಾವನವರನ್ನು ಕೇಳಿ. ಚೆಲ್ಲದ ನೀರನ್ನು ಶುದ್ಧ ಮಾಡುವ ಗೋಜೇ ಇಲ್ಲ.

ಕೋಟೆಮಣ್ಣು, ಬೀದರ್

ಕೇಳಿದೆ ಅಣ್ಣ. ಎರಡು ಸಲ ಕುದಿಸಬಹುದು, ಮೂರನೇ ಸಲಕ್ಕೆ ಕಪ್ಪು ಸರಿಯಾಗಿ ಏರುವುದಿಲ್ಲ ಅಂದರು. ಎರಡು ಸಲ ಅಂದರೂ ಅರ್ಧಕ್ಕೆ ಅರ್ಧ ಉಳಿಯಿತು. ಮೈಲುತುತ್ತವನ್ನೂ ಈಗ ಬಕೆಟ್ಟಿನಲ್ಲಿ ಅಲ್ಲ, ಬಟ್ಟೆಯಲ್ಲಿ ಒರೆಸಿ ಹಚ್ಚುತ್ತಿದ್ದಾರೆ. ಚಮಚದ ಲೆಕ್ಕ ಅರ್ಧ ಚಮಚಕ್ಕೆ ಬಂದಿದೆ.

ಬೇವಿನ ಮರದ ಕೆಳಗಿನ ಮಣ್ಣಿಗೆ ಏನು ಮಾಡುವುದು ಅಂತ ಇನ್ನೊಂದು ದಿನ ಕೇಳುತ್ತೇನೆ. ಅದು ದೊಡ್ಡ ಕಥೆ.

ಪಕ್ಕದ ಮನೆಯವರಿಗೆ ಅತ್ತೆಯೇ ಹೋಗಿ ವಿಷಯ ಹೇಳಿ ಬಂದರು. ಅವರು ಜಗಳ ಮಾಡಲಿಲ್ಲ. ಅದಕ್ಕೇ ಇನ್ನೂ ಸಂಕಟ ಆಯಿತು. ಸದ್ಯಕ್ಕೆ ನಮ್ಮ ನಲ್ಲಿಯಿಂದ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದಾರೆ.

ಸರ್, ಭಾನುವಾರ ಬೆಳಗಿನ ಬಸ್ಸಿಗೆ ಎರಡು ಬಾಟಲಿ ಕೊಟ್ಟು ಕಳಿಸುತ್ತೇನೆ. ಒಂದು ನಮ್ಮ ಎರಡನೇ ಬಕೆಟ್ಟಿನದು, ಒಂದು ಅವರ ಬಾವಿಯದು, ಪ್ಲಾಸ್ಟಿಕ್ ಕೊಡದಲ್ಲೇ ಸೇದಿದ್ದು. ಚೀಟಿ ಅಂಟಿಸಿದ್ದೇನೆ. ಬಾವಿಯದನ್ನು ಮೊದಲು ನೋಡಿ.